ಅಪ್ಪನ ಜಾವಾ, ಅಮ್ಮನ ಹೆಸರು

ಮಧುಗಿರಿಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹಸುಗಳು ಹೋದ ಮೇಲೆ ಉಳಿದದ್ದು ಅಪ್ಪನ ಜಾವಾ ಮೋಟಾರ್ ಸೈಕಲ್ ಒಂದೇ. ಅದರ ಸೀಟಿನ ಮೇಲೆ ಕೋಳಿ ಕಾವು ಕೂರುತ್ತಿತ್ತು. ಆದರೂ ಆಯುಧಪೂಜೆಯ ದಿನ ಅಮ್ಮ ಅದಕ್ಕೆ ಕುಂಕುಮವಿಡುವುದನ್ನು ಬಿಟ್ಟಿರಲಿಲ್ಲ.

ಜಾವಾ ಎಂದರೆ ದ್ವೀಪದ ಹೆಸರೆಂದೇ ನಾನು ನಂಬಿದ್ದೆ. ಅದು 1929ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ಹೆಸರಂತೆ. ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಕೊಂಡಾಗ, ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದರು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. 1973ರಿಂದ ಗಾಡಿಗಳ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು.

ಮೇಷ್ಟರಾಗಿದ್ದ ಅಪ್ಪ ಆ ಗಾಡಿಯಲ್ಲೇ ಕೊರಟಗೆರೆ ಕಡೆಯ ಶಾಲೆಗಳಿಗೆ ಹೋಗುತ್ತಿದ್ದರು. ಕಿಕ್ ಹೊಡೆಯುವ ಸನ್ನೆಯೇ ಮಡಿಸಿದರೆ ಗೇರು. ಪೆಟ್ರೋಲಿಗೆ ಎಂಜಿನ್ ಎಣ್ಣೆ ಬೆರೆಸಲೇಬೇಕು. ಅಳತೆಯ ಡಬ್ಬಿ ಹಿಡಿದು ನಿಲ್ಲುತ್ತಿದ್ದವಳು ಅಮ್ಮ. ಅಪ್ಪ ಹೋದ ವರ್ಷ ತಮ್ಮ ಬರೀ ಪೆಟ್ರೋಲ್ ಹಾಕಿ ಓಡಿಸಿದ. ಪಿಸ್ಟನ್ ಕಚ್ಚಿಕೊಂಡಿತು. ಗಾಡಿ ಕೊಟ್ಟಿಗೆ ಸೇರಿದ್ದು ಹಾಗೆ.

ಹಳೆಯ ಜಾವಾಗಳಿಗೆ ಬೆಲೆ ಬಂದಾಗ ಅಣ್ಣನಿಗೂ ತಮ್ಮನಿಗೂ ಅದು ನೆನಪಾಯಿತು. ಯಾರಿಗೆ ಸೇರಬೇಕೆಂದು ಮಾತಿಗೆ ಮಾತು ಬೆಳೆಯಿತು. "ನೀನೊಂದು ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಮ್ಮ" ಎಂದು ನನ್ನ ಮುಂದೆ ಕಾಗದ ಇಟ್ಟರು. ಉಯಿಲು ಬರೆಯದೆ ಹೋದ ತಂದೆಯ ಸ್ವಂತ ಸಂಪಾದನೆಯಲ್ಲಿ ಹೆಂಡತಿಗೂ ಮಗಳಿಗೂ ಗಂಡುಮಕ್ಕಳಷ್ಟೇ ಪಾಲಿದೆ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ನಮ್ಮ ಮನೆಯಲ್ಲಿ ನಾನು ಸಹಿಗೆ ಮಾತ್ರ ವಾರಸುದಾರಳು! ಪೆನ್ನು ಕೆಳಗಿಟ್ಟೆ. ತವರಿಗೆ ಬರುವ ದಾರಿ ಇನ್ನು ಮುಚ್ಚಿತೇನೋ ಎಂಬ ಭಯವೂ ಆಯಿತು.

ಒಳಗಿನಿಂದ ಅಮ್ಮ ಬಂದಳು. "ಅದೇನ್ ಹೊಲಾನೇನ್ರೋ, ಬದು ಹಾಕಿ ಹಂಚ್ಕಳಾಕೆ? ನನ್ನ ಹೆಸರಿಗೆ ಮಾಡಿಸ್ರಿ" ಎಂದಳು. ಒಪ್ಪಿಗೆ ಪತ್ರಕ್ಕೆ ಮೂವರೂ ಸಹಿ ಹಾಕಿದೆವು. ಸೈಕಲ್ಲನ್ನೂ ತುಳಿಯದ ಅಮ್ಮ ಆರ್‌ಸಿ ಪುಸ್ತಕದಲ್ಲಿ ಮಾಲೀಕಳಾದಳು.

ರಿಪೇರಿ ಖರ್ಚನ್ನೂ ಮೂವರೂ ಹಾಕಿದೆವು. ತುಮಕೂರಿನ ಮೆಕ್ಯಾನಿಕ್ ಒಬ್ಬರು ಬೋರು ಹೊಡೆಸಿ, ಪಿಸ್ಟನ್ ಬದಲಿಸಿ, ಟ್ಯಾಂಕಿನ ತುಕ್ಕು ತೆಗೆಸಿದರು. ಈಗ ಗಾಡಿ ನಾಲ್ಕು ತಿಂಗಳು ಅಣ್ಣನಲ್ಲಿ, ನಾಲ್ಕು ತಿಂಗಳು ಶಿರಾದ ತಮ್ಮನಲ್ಲಿ, ಉಳಿದ ನಾಲ್ಕು ತಿಂಗಳು ನಮ್ಮಲ್ಲಿ. ನಮ್ಮ ಸರದಿಯಲ್ಲಿ ಓಡಿಸುವವಳು ನನ್ನ ಮಗಳು. ಅವಳು ಕಿಕ್ ಹೊಡೆಯುವ ಮೊದಲೇ ಜಗುಲಿಯಿಂದ ಅಜ್ಜಿಯ ದನಿ ಬರುತ್ತದೆ:

"ಎಣ್ಣೆ ಹಾಕ್ದೇನೇ?"