ಸುತ್ತುವ ಚಕ್ರದ ಹಿಂದಿನ ಕಥೆ

ರಾಯಲ್ಪಾಡು ಅಂದರೆ ಶ್ರೀನಿವಾಸಪುರ ತಾಲ್ಲೂಕಿನ ಹೋಬಳಿ ಕೇಂದ್ರ, ಆಂಧ್ರದ ಗಡಿಗೆ ಹತ್ತಿರ. ಇಲ್ಲಿ ಸಿಗ್ನಲ್ ಕುಂಟಿದ ದಿನ ಫೋನಿನಲ್ಲಿ ಪಹಣಿ ತೆರೆದರೆ ಪುಟ ಬರುವ ಮೊದಲು ಒಂದು ಚಕ್ರ ಸುತ್ತುತ್ತಾ ಕೂರುತ್ತದೆ. ಆ ಚಕ್ರಕ್ಕೂ ಚರಿತ್ರೆ ಇದೆ.

1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಒಂದು ಭಾಷೆಯ ಮೊದಲ ರೂಪ ಬರೆದರು. ಅದೇ ಮುಂದೆ ಜಾವಾಸ್ಕ್ರಿಪ್ಟ್ ಆಯಿತು. ಅದರ ಗುಣ ನಾಡಕಚೇರಿಯ ಒಂಟಿ ಗುಮಾಸ್ತರದ್ದು: ಒಮ್ಮೆಗೆ ಒಂದೇ ಕೆಲಸ. ನಿಮ್ಮ ಅರ್ಜಿ ಹಿಡಿದು ಅವರೇ ಸ್ಥಳ ಪರಿಶೀಲನೆಗೆ ಹೊರಟರೆ ಹಿಂದಿನ ಸಾಲು ನಿಂತೇ ಇರಬೇಕು. ಅದಕ್ಕೇ ಅರ್ಜಿಯನ್ನು ಒಳಗೆ ಕಳಿಸಿ, ಮುಂದಿನವರನ್ನು ಕರೆಯುತ್ತಾರೆ. ಕಾಯುವ ಕೆಲಸವನ್ನು ಹೀಗೆ ಪಕ್ಕಕ್ಕಿಡುವುದೇ ಅಸಿಂಕ್ರೊನಸ್ ವಿಧಾನ.

ಮೊದಮೊದಲು ಹೊಸ ಮಾಹಿತಿ ಬೇಕಾದರೆ ಸಾಮಾನ್ಯವಾಗಿ ಇಡೀ ಪುಟವೇ ಮತ್ತೆ ಇಳಿಯಬೇಕಿತ್ತು. 1999ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ, ಪುಟ ಹಾಗೇ ಇದ್ದು ಹಿಂದಿನಿಂದ ಮಾಹಿತಿ ತರುವ ದಾರಿ ಕೊಟ್ಟಿತು. 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್ ಅದರ ಬಲವನ್ನು ಜಗತ್ತಿಗೆ ತೋರಿಸಿದವು.

ಆದರೆ ಬರೆಯುವವರಿಗೆ ಕಷ್ಟವಾಯಿತು. 'ಅದು ಮುಗಿದರೆ ಇದು ಮಾಡು, ಇದು ಮುಗಿದರೆ ಮತ್ತೊಂದು' ಎಂದು ಪಂಚತಂತ್ರದಂತೆ ಕಥೆಯೊಳಗೆ ಕಥೆ. ಇದಕ್ಕೆ 'ಕಾಲ್‌ಬ್ಯಾಕ್ ನರಕ' ಎಂದೇ ಹೆಸರು ಬಿತ್ತು! 2015ರ ಆವೃತ್ತಿಯಲ್ಲಿ 'ಪ್ರಾಮಿಸ್' ಭಾಷೆಯೊಳಗೇ ಸೇರಿತು. ಮಾತು ಹೊಸದೇನಲ್ಲ, 1976ರಲ್ಲೇ ಡೇನಿಯಲ್ ಫ್ರೀಡ್‌ಮನ್, ಡೇವಿಡ್ ವೈಸ್ ಅದನ್ನು ಬಳಸಿದ್ದರು. 2017ರಲ್ಲಿ 'ಅಸಿಂಕ್', 'ಅವೈಟ್' ಬಂದು ಬರವಣಿಗೆ ಇನ್ನೂ ಸರಳವಾಯಿತು.

ಪ್ರಾಮಿಸ್ ಎಂದರೆ ನಾಡಕಚೇರಿಯ ಸ್ವೀಕೃತಿ ಚೀಟಿ ಇದ್ದಂತೆ. ಅದಕ್ಕೆ ಮೂರೇ ಸ್ಥಿತಿ: ಬಾಕಿ, ಆಯಿತು, ತಿರಸ್ಕೃತ. ನಮ್ಮ ಊರುಗಳಿಗೆ ಮುಖ್ಯವಾದದ್ದು ಮೂರನೆಯದು. ತಿರಸ್ಕೃತವಾದಾಗ ಜನರಿಗೆ ಏನು ಹೇಳಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಪ್ರೋಗ್ರಾಮ್ ಬರೆದವರೇ ಬರೆದಿಡಬೇಕು. ಬರೆಯದಿದ್ದರೆ ಚಕ್ರ ಸುಮ್ಮನೆ ಸುತ್ತುತ್ತಲೇ ಇರುತ್ತದೆ. ವೇಗದ ನೆಟ್‌ವರ್ಕ್ ಇರುವ ನಗರದಲ್ಲಿ ಮಾತ್ರ ಪರೀಕ್ಷಿಸಿದರೆ ಈ ಕೊರತೆ ಕಣ್ಣಿಗೇ ಬೀಳುವುದಿಲ್ಲ ಎಂಬುದು ನಮ್ಮ ಅನಿಸಿಕೆ.

ಇನ್ನೊಂದು ಮಾತು. ಚಕ್ರ ನಿಲ್ಲಲಿಲ್ಲ ಎಂದರೆ ಕೆಲಸ ಆಗಲಿಲ್ಲ ಎಂದೇ ಅರ್ಥವಲ್ಲ. ಅತ್ತ ಅರ್ಜಿ ದಾಖಲಾಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಹಣ ಕಟ್ಟುವಾಗಲಂತೂ ಎರಡನೇ ಸಲ ಬಟನ್ ಒತ್ತುವ ಮೊದಲು ಬ್ಯಾಂಕಿನ ಮೆಸೇಜ್ ಬಂದಿದೆಯೇ ನೋಡಿ.