ಕೈಯಿಂದ ಪಟ್ಟಿಗೆ: ಗಣಕಸಂಯೋಜಿತ ಉತ್ಪಾದನೆಯ ಪೂರ್ವಚರಿತ್ರೆ

ವಿನ್ಯಾಸ, ಯೋಜನೆ, ತಯಾರಿಕೆ, ಪರೀಕ್ಷೆ, ದಾಸ್ತಾನು ಎಂಬ ಕಾರ್ಖಾನೆಯ ಅಂಗಗಳೆಲ್ಲವೂ ಒಂದೇ ಮಾಹಿತಿಯ ಸೂತ್ರದಲ್ಲಿ ಪೋಣಿಸಲ್ಪಟ್ಟು ನಡೆಯಬೇಕೆಂಬ ಕಲ್ಪನೆಗೆ ‘ಗಣಕಸಂಯೋಜಿತ ಉತ್ಪಾದನೆ’ ಎಂಬ ಹೆಸರು ನೆಲೆಗೊಂಡುದು, ಜೋಸೆಫ್ ಹ್ಯಾರಿಂಗ್ಟನ್ ಎಂಬ ಅಮೆರಿಕದ ಲೇಖಕ 1973ರಲ್ಲಿ ಅದೇ ಹೆಸರಿನ ಗ್ರಂಥವನ್ನು ಪ್ರಕಟಿಸಿದ ಮೇಲೆ. ಹೆಸರಿನಲ್ಲಿ ಗಣಕವು ಮುಂದೆ ನಿಂತಿರುವುದರಿಂದ ಇದು ಗಣಕಯಂತ್ರದ ಸಂತಾನವೆಂದು ಭಾವಿಸುವುದು ರೂಢಿಯಾಗಿದೆ. ಆದರೆ ಈ ಚರಿತ್ರೆಯ ನಿರ್ಣಾಯಕ ಘಟ್ಟವು ಗಣಕಕ್ಕಿಂತ ಹಿಂದಿನದೆಂದೂ, ಕುಶಲಕರ್ಮಿಯ ಕೈಯಲ್ಲಿ ಅಡಗಿದ್ದ ಆದೇಶವು ಆ ಕೈಯನ್ನು ಬಿಟ್ಟು ಬೇರೊಂದು ವಸ್ತುವಿನ ಮೇಲೆ ಬರಹವಾಗಿ ಇಳಿದ ಗಳಿಗೆಯೇ ಅದೆಂದೂ ಈ ಲೇಖಕನ ಅಭಿಪ್ರಾಯ.

ಆ ಬರಹವು ಮೊದಲು ಮೂಡಿದ್ದು ಲೋಹದ ಕೆಲಸದಲ್ಲಲ್ಲ, ಮಗ್ಗದಲ್ಲಿ. ಫ್ರಾನ್ಸಿನ ರೇಷ್ಮೆಯ ನಗರವಾದ ಲಿಯೋನಿನಲ್ಲಿ 1725ರಲ್ಲಿ ಬೂಶೋನ್ ಎಂಬುವನು ರಂಧ್ರಗಳುಳ್ಳ ಕಾಗದದ ಸುರುಳಿಯಿಂದ ಎಳೆಗಳನ್ನು ಆರಿಸಲು ಯತ್ನಿಸಿದನು. 1804ರ ಸುಮಾರಿಗೆ ಜಾಕಾರ್ಡನು ರಟ್ಟಿನ ಹಲಗೆಗಳ ಸರಪಣಿಯಿಂದ ಅದನ್ನು ಸಿದ್ಧಿಗೆ ತಂದನು. ರಂಧ್ರವಿದ್ದೆಡೆ ಹಾಸಿನ ಎಳೆ ಮೇಲೇಳುವುದು, ಇಲ್ಲದೆಡೆ ತಗ್ಗಿಯೇ ಇರುವುದು. ಚಿತ್ತಾರವು ಈಗ ನೇಕಾರನ ನೆನಪಿನಲ್ಲಿರಲಿಲ್ಲ. ಅದನ್ನು ಕಟ್ಟಿ ಪೆಟ್ಟಿಗೆಯಲ್ಲಿಡಬಹುದಾಗಿತ್ತು, ಇನ್ನೊಬ್ಬನಿಗೆ ಮಾರಬಹುದಾಗಿತ್ತು.

ಲೋಹವು ಈ ವಿದ್ಯೆಗೆ ಒಂದೂವರೆ ಶತಮಾನ ಕಾಯಬೇಕಾಯಿತು, ಕಾರಣವೂ ಸ್ಪಷ್ಟ. ಎಳೆಯು ಮೇಲೆ ಅಥವಾ ಕೆಳಗೆ ಇರುವುದೇ ಹೊರತು ಅದಕ್ಕೆ ನಡುವಣ ಸ್ಥಿತಿಯೆಂಬುದಿಲ್ಲ; ಲೋಹವನ್ನು ಕೊರೆಯುವ ಟೂಲಾದರೋ ವಕ್ರರೇಖೆಯ ಮೇಲೆ ಎಡೆಬಿಡದೆ ಚಲಿಸಬೇಕು. ಈ ತೊಡಕು ಬಿಡಿಸಿಕೊಳ್ಳಲೇಬೇಕಾದ ಅನಿವಾರ್ಯವಾಗಿ ಎದುರಾದುದು 1940ರ ದಶಕದಲ್ಲಿ, ಮಿಚಿಗನ್ ಸಂಸ್ಥಾನದ ಟ್ರಾವರ್ಸ್ ಸಿಟಿಯಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬುವರಿಗೆ. ರೆಕ್ಕೆಯ ಅಡ್ಡಕೊಯ್ತದ ಆಕಾರವನ್ನು ವಿನ್ಯಾಸಕಾರರು ಕೆಲವೇ ಬಿಂದುಗಳಿಂದ ಸೂಚಿಸುತ್ತಿದ್ದರು. ನಡುವಣ ರೇಖೆಯನ್ನು ತುಂಬುವ ಭಾರ ಅಚ್ಚು ಮಾಡುವವನ ಕಣ್ಣಳತೆಯ ಮೇಲಿತ್ತು. ಪಾರ್ಸನ್ಸರೂ ಅವರ ಸಹೋದ್ಯೋಗಿ ಫ್ರಾಂಕ್ ಸ್ಟುಲೆನರೂ ಐಬಿಎಂ ಸಂಸ್ಥೆಯ ರಂಧ್ರಪತ್ರ ಗುಣಕಯಂತ್ರವೊಂದರಿಂದ, ಎಂದರೆ ಲೆಕ್ಕಪತ್ರಗಳ ಕಚೇರಿಗೆಂದು ಹುಟ್ಟಿದ ಸಾಧನದಿಂದ, ಆ ರೇಖೆಯ ಮೇಲಣ ಬಿಂದುಗಳನ್ನು ಒತ್ತೊತ್ತಾಗಿ ಗುಣಿಸಿ ತೆಗೆದರು. ಬಳಿಕ ಒಬ್ಬನು ಕೋಷ್ಟಕವನ್ನು ನೋಡಿ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿರಲು, ಮಿಲ್ಲಿಂಗ್ ಯಂತ್ರದ ಎರಡು ಕೈಚಕ್ರಗಳ ಬಳಿ ನಿಂತ ಇಬ್ಬರು ಅದರಂತೆ ತಿರುಗಿಸಿ ಟೂಲನ್ನು ಬಿಂದುವಿನಿಂದ ಬಿಂದುವಿಗೆ ಒಯ್ಯುವರು. ಉಳಿದ ಏಣುಗಳನ್ನು ಅರದಿಂದ ಉಜ್ಜಿ ನಯಗೊಳಿಸುವರು. ಅಂಕಿಗಳಿಂದಲೇ ಟೂಲನ್ನು ನಡೆಸುವ ಸಂಖ್ಯಾನಿಯಂತ್ರಣದ ಪ್ರಥಮ ಯಂತ್ರವು ವಸ್ತುತಃ ಈ ಮೂವರು ಮನುಷ್ಯರೇ ಎಂದರೆ ಉತ್ಪ್ರೇಕ್ಷೆಯಾಗದು. ಓದುವವನ ಸ್ಥಾನದಲ್ಲಿ ರಂಧ್ರಪಟ್ಟಿಯನ್ನೂ ತಿರುಗಿಸುವವರ ಸ್ಥಾನದಲ್ಲಿ ಮೋಟಾರುಗಳನ್ನೂ ಇಡುವುದಷ್ಟೇ ಉಳಿದಿತ್ತು.

‘ಅಷ್ಟೇ’ ಎಂದೆನಾದರೂ ಅದು ಅಲ್ಪವಾಗಿರಲಿಲ್ಲ. 1949ರಲ್ಲಿ ಅಮೆರಿಕದ ವಾಯುಸೇನೆಯಿಂದ ಗುತ್ತಿಗೆ ಪಡೆದ ಪಾರ್ಸನ್ಸರು ಮೋಟಾರಿನ ನಿಯಂತ್ರಣಕ್ಕಾಗಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ಸರ್ವೋ ಪ್ರಯೋಗಶಾಲೆಯ ನೆರವನ್ನು ಕೋರಿದರು. ಟೂಲು ಎಲ್ಲಿದೆಯೆಂಬುದನ್ನು ಅಳೆದು, ಎಲ್ಲಿರಬೇಕೋ ಅದರೊಡನೆ ಹೋಲಿಸಿ, ಅಂತರವಿದ್ದಷ್ಟು ಮಾತ್ರ ಮೋಟಾರನ್ನು ಓಡಿಸುವ ವಿದ್ಯೆಯು ಯುದ್ಧಕಾಲದ ಫಿರಂಗಿಗಳಿಂದ ಅಲ್ಲಿಗೆ ಬಂದಿದ್ದಿತು. 1952ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ರದರ್ಶಿತವಾದ ಮಿಲ್ಲಿಂಗ್ ಯಂತ್ರವು ನೂರಾರು ನಿರ್ವಾತನಳಿಕೆಗಳ ಬೆಂಬಲದಿಂದ ಪಟ್ಟಿಯ ಆಜ್ಞೆಯಂತೆ ಮೂರು ಅಕ್ಷಗಳಲ್ಲಿಯೂ ಏಕಕಾಲಕ್ಕೆ ಚಲಿಸಿತು. ಆ ವೇಳೆಗೆ ಪಾರ್ಸನ್ಸರು ಆ ಕಾರ್ಯದಿಂದ ಬದಿಗೆ ಸರಿಸಲ್ಪಟ್ಟಿದ್ದರು. ಪೇಟೆಂಟು ಮಾತ್ರ 1958ರಲ್ಲಿ ಅವರಿಗೇ ದೊರೆಯಿತು.

ಇಲ್ಲಿ ಬಿಟ್ಟುಹೋದ ಒಂದು ದಾರಿಯನ್ನು ನೆನೆಯಬೇಕು. ಅದೇ ಕಾಲದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು, ನುರಿತ ಕೆಲಸಗಾರನೊಬ್ಬ ಒಮ್ಮೆ ಕೈಯಾರ ಮಾಡಿದ ಚಲನೆಗಳನ್ನು ಟೇಪಿನಲ್ಲಿ ದಾಖಲಿಸಿ ಯಂತ್ರದಿಂದಲೇ ಮರಳಿ ಮಾಡಿಸುವ ಕ್ರಮವನ್ನು ಪರೀಕ್ಷಿಸಿತ್ತು. ಅದು ನೆಲೆಯೂರಲಿಲ್ಲ. ಆಡಳಿತವರ್ಗವು ಆದೇಶವನ್ನು ಕೆಲಸಗಾರನ ಕೈಯಿಂದ ಕಚೇರಿಗೆ ಒಯ್ಯಬಯಸಿದುದೇ ಇದಕ್ಕೆ ಕಾರಣವೆಂದು ಇತಿಹಾಸಕಾರ ಡೇವಿಡ್ ನೋಬಲ್ 1984ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಈ ವಾದವು ಅರ್ಧ ನಿಜವೆಂದು ನನಗೆ ತೋರುತ್ತದೆ. ವಿಮಾನದ ರೆಕ್ಕೆಯ ಮೈಯನ್ನು ಯಾವ ಕೈಯೂ ಮೊದಲು ಮಾಡಿ ತೋರಿಸಲಾರದು. ಅಲ್ಲಿ ಗಣಿತವಲ್ಲದೆ ಗತಿಯಿರಲಿಲ್ಲ. ಸಾಮಾನ್ಯವಾದ ಲೇತಿನ ಕೆಲಸಕ್ಕಾದರೋ ಆ ನೆಪ ಸಲ್ಲದು.

ಆಮೇಲಣ ಕಥೆ ವೇಗದ್ದು. ಡಗ್ಲಾಸ್ ರಾಸ್ ನೇತೃತ್ವದಲ್ಲಿ ರೂಪುಗೊಂಡ ಎಪಿಟಿ ಎಂಬ, ಇಂಥ ಯಂತ್ರಗಳಿಗೆ ಆದೇಶ ಬರೆಯುವ ಪ್ರೋಗ್ರಾಮುಭಾಷೆಯನ್ನು 1959ರಲ್ಲಿ ಸಾರಿದಾಗ, ಅದರ ಸಾಕ್ಷಿಯಾಗಿ ಪತ್ರಕರ್ತರ ಕೈಗೆ ಬಂದುದು ಅಲ್ಯೂಮಿನಿಯಮಿನ ಒಂದು ಬೂದಿಬಟ್ಟಲು! 1961ರಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಯೂನಿಮೇಟ್ ಎಂಬ ರೋಬಾಟು ಕಾಲಿಟ್ಟಿತು. 1963ರಲ್ಲಿ ಸದರ್ಲೆಂಡರ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಮು ಗಣಕದ ತೆರೆಯ ಮೇಲೆ ರೇಖೆ ಎಳೆಯಿತು. ಬಿಡಿಬಿಡಿಯಾಗಿ ಬರಹಕ್ಕಿಳಿದ ಆದೇಶಗಳನ್ನೆಲ್ಲ ಒಂದೆಡೆ ಕೂಡಿಸಬಹುದೆಂಬ ಹ್ಯಾರಿಂಗ್ಟನರ ಯೋಚನೆ ಇವುಗಳ ಬೆನ್ನಿಗೇ ಬಂದಿತು.

ಕೂಡಿಸುವಿಕೆಯು ಯಂತ್ರಗಳನ್ನು ಕೊಂಡು ತಂದ ಮಾತ್ರಕ್ಕೆ ಆಗುವುದಲ್ಲವೆಂಬುದಕ್ಕೆ ಹಾರ್ವರ್ಡಿನ ರಾಮಚಂದ್ರನ್ ಜೈಕುಮಾರ್ 1986ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಿಂತ ಸ್ಪಷ್ಟವಾದ ಪ್ರಮಾಣವನ್ನು ನಾನು ಕಾಣೆ. ಬಗೆಬಗೆಯ ಬಿಡಿಭಾಗಗಳಿಗೆ ಹೊಂದಿಕೊಳ್ಳಬಲ್ಲ ಒಂದೇ ತೆರನ ಪರಿವರ್ತನಶೀಲ ಯಂತ್ರವ್ಯೂಹಗಳಲ್ಲಿ ಅಮೆರಿಕದವರು ಸರಾಸರಿ 10 ಬಗೆಯ ಬಿಡಿಭಾಗಗಳನ್ನು ತಯಾರಿಸುತ್ತಿದ್ದರೆ ಜಪಾನೀಯರು 93 ಬಗೆಯವನ್ನು ತಯಾರಿಸುತ್ತಿದ್ದರು. ಜಪಾನಿನಲ್ಲಿ ವ್ಯೂಹವನ್ನು ಕಟ್ಟಿದ ಎಂಜಿನಿಯರುಗಳ ಚಿಕ್ಕ ತಂಡವು ಅದರ ಬಳಿಯಲ್ಲಿಯೇ ಉಳಿದು ದಿನದಿನವೂ ತಿದ್ದುತ್ತಿದ್ದಿತು. ಅಮೆರಿಕದಲ್ಲಿ ಕಟ್ಟಿದವರು ಎದ್ದುಹೋಗುತ್ತಿದ್ದರು.

ನಮ್ಮ ಬೆಂಗಳೂರಿಗೂ ಈ ಪರಂಪರೆಯಲ್ಲಿ ಪಾಲುಂಟು. 1953ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಲೇತುಗಳನ್ನು ಮಾಡತೊಡಗಿತು. 1962ರಲ್ಲಿ ಯಂತ್ರೋಪಕರಣಗಳ ಕೇಂದ್ರೀಯ ಸಂಶೋಧನಾಲಯವೂ ಇಲ್ಲಿಯೇ ನೆಲೆಗೊಂಡಿತು. ಇಂದು ಪೀಣ್ಯದ ಯಾವುದಾದರೊಂದು ಸಣ್ಣ ಶಾಪಿಗೆ ಹೋಗಿ ಸಿಎನ್‌ಸಿ, ಎಂದರೆ ಗಣಕದಿಂದ ನಡೆಯುವ ಸಂಖ್ಯಾನಿಯಂತ್ರಣದ, ಯಂತ್ರದ ಫಲಕವನ್ನು ನೋಡಿದರೆ, ಗುಂಡಿಗಳ ಸಾಲಿನಲ್ಲಿ ಟೂಲಿನ ಮುನ್ನಡೆಯ ವೇಗವಾದ ಫೀಡನ್ನು ಶೇಕಡ 100ಕ್ಕಿಂತ ತಗ್ಗಿಸುವ, ಏರಿಸುವ ತಿರುಗುಗುಂಡಿಯೊಂದು ಕಾಣುವುದು. ಪ್ರೋಗ್ರಾಮು ಎಷ್ಟೇ ನಿಷ್ಕೃಷ್ಟವಾಗಿರಲಿ, ಟೂಲಿನ ದನಿ ಬದಲಾದೊಡನೆ ಆಪರೇಟರನ ಕೈ ಆ ಗುಂಡಿಯತ್ತ ಸರಿಯುವುದು.