ಗಂಟೆ ಲೆಕ್ಕದ ಸವಾರಿ

ಬಾಡಿಗೆಯ ವಸ್ತುವಿಗೆ ನಮ್ಮಲ್ಲಿ ಹೆಚ್ಚಿನ ಮರ್ಯಾದೆ ಎಂದೂ ಇದ್ದುದಿಲ್ಲ. ಸ್ವಂತ ಮನೆ ಉಳ್ಳವನು ಊರಿನವನು. ಬಾಡಿಗೆಗೆ ಇರುವವನು ಎಷ್ಟು ವರ್ಷ ಕಳೆದರೂ ‘ಹಿಂದಿನ ಮನೆಯವರು’. ವಾಹನದ ವಿಷಯವೂ ಹೀಗೆಯೇ. ಚರಿತ್ರೆಯ ಪುಸ್ತಕಗಳಲ್ಲಿ ಅರಸನ ಆನೆಗೆ ಜಾಗವಿದೆ, ದಂಡನಾಯಕನ ಕುದುರೆಗೆ ಜಾಗವಿದೆ. ಬಾಡಿಗೆಯ ದೋಣಿಗೂ ಎತ್ತಿನ ಗಾಡಿಗೂ ಒಂದು ಸಾಲು ಸಿಕ್ಕುವುದು ಅಪರೂಪ. ಆದರೂ ನಮ್ಮ ಜನಸಾಮಾನ್ಯರು ತಮ್ಮ ಊರಿನಾಚೆಯ ನಾಡನ್ನು ಕಂಡುದು ಒಂದೋ ಕಾಲ್ನಡಿಗೆಯಿಂದ, ಇಲ್ಲವೇ ಬಾಡಿಗೆ ಕೊಟ್ಟು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಈಚೆಗೆ ಉಡುಪಿಯಲ್ಲಿ ಎರಡು ದಿನದ ಮಟ್ಟಿಗೆ ಒಂದು ವಿದ್ಯುತ್ ಸ್ಕೂಟರನ್ನು ಬಾಡಿಗೆಗೆ ಹಿಡಿದು ಮಣಿಪಾಲ, ಕಾಪು, ಕಾರ್ಕಳಗಳನ್ನು ಸುತ್ತಿ, ಮಲ್ಪೆಯಿಂದ ಕಡಲಾಚೆಯ ದ್ವೀಪವನ್ನೂ ನೋಡಿಬಂದ ಮೇಲೆ, ಈ ಬಾಡಿಗೆಗೂ ಒಂದು ಚರಿತ್ರೆಯಿದೆ, ಅದನ್ನು ಹೇಳಬೇಕು ಎಂದು ನನಗೆ ಅನ್ನಿಸಿತು.

ಕಡವಿನಿಂದ ಬಸ್ಸಿಗೆ

ಈ ಕರಾವಳಿಯ ನೆಲವೇ ಚಕ್ರಕ್ಕೆ ಅಷ್ಟಾಗಿ ಒಲಿದುದಲ್ಲ. ಮೂಡಲಲ್ಲಿ ಘಟ್ಟ, ಪಡುವಲಲ್ಲಿ ಕಡಲು; ನಡುವಣ ಕಿರಿದಾದ ಪಟ್ಟಿಯನ್ನು ಘಟ್ಟದಿಂದ ಇಳಿದ ಹೊಳೆಗಳು ತುಂಡು ತುಂಡಾಗಿ ಕೊಯ್ದಿವೆ. ಉಡುಪಿಯಿಂದ ಬಡಗಕ್ಕೆ ಹೊರಟರೆ ಕಲ್ಯಾಣಪುರದಲ್ಲಿ ಸ್ವರ್ಣಾ ನದಿ. ತೆಂಕಕ್ಕೆ ಹೊರಟರೆ ಉದ್ಯಾವರದಲ್ಲಿ ಪಾಪನಾಶಿನಿ. ಸೇತುವೆಗಳು ಬರುವ ಮುನ್ನ ಪ್ರತಿಯೊಂದು ಹೊಳೆಯ ದಂಡೆಯೂ ಒಂದು ಕಡವು. ಪ್ರತಿಯೊಂದು ಕಡವಿನಲ್ಲಿಯೂ ದೋಣಿಯವನಿಗೆ ಕಾಸು ಕೊಟ್ಟೇ ದಾಟಬೇಕು. ಸರಕು ಸಾಗುತ್ತಿದ್ದುದು ಆಳಿನ ತಲೆಯ ಮೇಲೆ, ಎತ್ತಿನ ಬೆನ್ನ ಮೇಲೆ, ಇಲ್ಲವೇ ನೀರಿನ ಮೇಲೆ.

ಟಿಪ್ಪುವಿನ ಪತನದ ಬೆನ್ನಿಗೇ, ೧೮೦೦-೦೧ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿದನು. ಗದ್ದೆ, ತೋಟ, ತೆರಿಗೆ, ಗುಡಿ, ಬಸದಿ ಎಲ್ಲವನ್ನೂ ಬರೆದಿಟ್ಟುಕೊಂಡನು. ಅವನ ಪ್ರವಾಸಕಥನ ೧೮೦೭ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಆದರೆ ಅವನ ಬೆನ್ನಿಗೆ ಕಂಪನಿ ಸರ್ಕಾರವಿತ್ತು. ಅಂಥ ಬೆಂಬಲವಿಲ್ಲದ ಕಾರ್ಕಳದ ರೈತನು ಉಡುಪಿಯ ತೇರನ್ನು ನೋಡಬೇಕೆಂದರೆ ಬುತ್ತಿ ಕಟ್ಟಿಕೊಂಡು ನಡೆಯಬೇಕಾಗಿತ್ತು.

ರೈಲು ಮಂಗಳೂರಿಗೆ ೧೯೦೭ರಲ್ಲಿ ಬಂದಿತು; ಉಡುಪಿಗೆ ಬರಬೇಕಾದರೆ ೧೯೯೦ರ ದಶಕವೇ ಆಗಬೇಕಾಯಿತು. ಈ ಎಂಬತ್ತು ಚಿಲ್ಲರೆ ವರ್ಷಗಳ ಅಂತರವನ್ನು ತುಂಬಿದುದು ಮೋಟಾರು. ಮಂಗಳೂರಿನಲ್ಲಿ ೧೯೧೪ರಲ್ಲಿ ಹುಟ್ಟಿದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯನ್ನು ಜನರು ‘ಸಿ.ಪಿ.ಸಿ.’ ಎಂದು ಮೂರೇ ಅಕ್ಷರಕ್ಕೆ ಇಳಿಸಿಕೊಂಡರು. ಸೇತುವೆ ಇಲ್ಲದ ಕಡೆ ಬಸ್ಸು ಹೊಳೆಯ ಈಚೆ ದಂಡೆಯಲ್ಲಿ ನಿಲ್ಲುವುದು, ಪ್ರಯಾಣಿಕರು ಗಂಟು ಹೊತ್ತು ದೋಣಿ ಹತ್ತುವುದು, ಆಚೆ ದಂಡೆಯಲ್ಲಿ ಇನ್ನೊಂದು ಬಸ್ಸಿಗೆ ಓಡಿ ಜಾಗ ಹಿಡಿಯುವುದು! ಎರಡನೆಯ ಮಹಾಯುದ್ಧದ ಪೆಟ್ರೋಲ್ ಬರದಲ್ಲಿ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದವು. ಹಿಂದುಗಡೆ ಒಲೆಯಂಥ ಡಬ್ಬಿ, ಏರು ಬಂದರೆ ಏದುಸಿರು. ‘ಬದಲಿ ಇಂಧನ’ವೆಂಬ ಮಾತನ್ನು ನಾವು ಹೊಸದೆಂದು ತಿಳಿದಿದ್ದೇವೆ, ನಮ್ಮ ಅಜ್ಜಂದಿರು ಅದರ ಮಸಿಯನ್ನು ಮೈಗೆ ಹತ್ತಿಸಿಕೊಂಡೇ ಮದುವೆಯ ಮನೆಗಳಿಗೆ ಹೋಗಿ ಬಂದಿದ್ದರು.

ನಂಬರು ಬರೆದ ಸೈಕಲ್ಲು

ಬಸ್ಸು ಎಷ್ಟಾದರೂ ತನ್ನ ಹಾದಿಯಲ್ಲಿಯೇ ಹೋಗುವ ವಾಹನ. ಮನಸ್ಸು ಬಂದ ಕಡೆ ತಿರುಗುವ ಸ್ವಾತಂತ್ರ್ಯವನ್ನು ಬಡವನ ಮಗನಿಗೆ ಮೊದಲು ಕೊಟ್ಟುದು ಬಾಡಿಗೆಯ ಸೈಕಲ್ಲು. ಎರಡೂ ಚಕ್ರ ಸಮನಾಗಿರುವ ಇಂದಿನ ಬಗೆಯ ಸೈಕಲ್ಲನ್ನು ಇಂಗ್ಲೆಂಡಿನ ಸ್ಟಾರ್ಲಿ ೧೮೮೫ರಲ್ಲಿ ಮಾರುಕಟ್ಟೆಗೆ ತಂದನು. ೧೮೮೮ರಲ್ಲಿ ಡನ್‌ಲಪ್ ಅದಕ್ಕೆ ಗಾಳಿ ತುಂಬಿದ ಟೈರನ್ನು ಒದಗಿಸಿದನು. ಸ್ವಾತಂತ್ರ್ಯ ಬಂದ ಮೇಲೆ ಮದ್ರಾಸಿನ ಟಿ.ಐ. ಸೈಕಲ್ಸ್ (೧೯೪೯), ಸೋನೆಪತ್ತಿನ ಅಟ್ಲಾಸ್ (೧೯೫೧), ಲೂಧಿಯಾನದ ಹೀರೋ (೧೯೫೬) ನಮ್ಮಲ್ಲಿಯೇ ಸೈಕಲ್ಲು ತಯಾರಿಸತೊಡಗಿದವು. ಆದರೂ ಗುಮಾಸ್ತನಿಗೆ ಅದು ಹಲವು ತಿಂಗಳ ಉಳಿತಾಯದ ಮಾತು. ಅಂಗಡಿಯವನು ಈ ಕಷ್ಟಕ್ಕೆ ಒಂದು ಸುಲಭೋಪಾಯ ಕಂಡುಹಿಡಿದನು: ಸೈಕಲ್ಲನ್ನು ಮಾರುವ ಬದಲು ಗಂಟೆಯನ್ನು ಮಾರಿದನು.

ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ಬರೆದ ನಂಬರು, ನೋಟುಪುಸ್ತಕದಲ್ಲಿ ಹೆಸರು, ಹೊರಟ ಹೊತ್ತು, ಹಿಂದಿರುಗಿದ ಹೊತ್ತು. ಗುರುತಿನವನಾದರೆ ಸರಿ, ಇಲ್ಲವಾದರೆ ಗುರುತಿನವರೊಬ್ಬರನ್ನು ಕರೆತರಬೇಕು. ಮಕ್ಕಳಿಗೆ ಅರ್ಧ ಸೈಕಲ್ಲು. ಅದು ಸಿಗದಿದ್ದರೆ ದೊಡ್ಡದರ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುವ ವಿದ್ಯೆ. ನಾನೂ ಆ ಪಾಠಶಾಲೆಯ ವಿದ್ಯಾರ್ಥಿಯೇ. ಗಂಟೆಗೆ ಐದು ನಿಮಿಷ ಉಳಿದಿರುವಾಗ ಊರ ಕೊನೆಯಿಂದ ಅಂಗಡಿಗೆ ಓಡಿಸಿದ ಆ ವೇಗವನ್ನು ಆಮೇಲೆ ಯಾವ ವಾಹನದಲ್ಲಿಯೂ ನಾನು ಕಂಡಿಲ್ಲ.

ದೊಡ್ಡದನ್ನು ಸಣ್ಣ ಸಣ್ಣ ಪಾಲು ಮಾಡಿ ಎಲ್ಲರ ಕೈಗೆಟುಕಿಸುವ ಈ ಕಲೆ ಉಡುಪಿಗೆ ಅಪರಿಚಿತವಲ್ಲ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಈ ಮೂವರು ೧೯೨೫ರಲ್ಲಿ ಇಲ್ಲಿ ಸ್ಥಾಪಿಸಿದ ಬ್ಯಾಂಕು (ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು) ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಸ್ವೀಕರಿಸಿತು. ಹನಿಗೂಡಿದರೆ ಹಳ್ಳವೆಂಬ ಗಾದೆಗೆ ಅದು ಲೆಕ್ಕದ ಪುಸ್ತಕ ತೆರೆಯಿತು. ಸೈಕಲ್ ಅಂಗಡಿಯವನು ಅದನ್ನೇ ತಿರುಗಿಸಿದನು: ಹಳ್ಳವನ್ನು ಹನಿ ಹನಿಯಾಗಿ ಹಂಚಿದನು.

ಹಳೆಯ ಕಲ್ಪನೆ, ಹೊಸ ಬ್ಯಾಟರಿ

ವಿದ್ಯುತ್ ಬೈಕನ್ನು ನಮ್ಮ ಕಾಲದ ಸೃಷ್ಟಿಯೆಂದು ತಿಳಿಯುವವರೇ ಹೆಚ್ಚು. ವಾಸ್ತವವಾಗಿ ಪ್ಯಾರಿಸಿನ ಗುಸ್ತಾವ್ ತ್ರೂವೆ ೧೮೮೧ರಲ್ಲಿಯೇ ವಿದ್ಯುತ್ತಿನ ಮೂರು ಚಕ್ರದ ಬಂಡಿಯನ್ನು ಬೀದಿಯಲ್ಲಿ ಓಡಿಸಿದ್ದನು. ಅಮೆರಿಕದ ಆಗ್ಡೆನ್ ಬೋಲ್ಟನ್ ಎಂಬಾತನಿಗೆ ೧೮೯೫ರ ಡಿಸೆಂಬರಿನಲ್ಲಿ ವಿದ್ಯುತ್ ಸೈಕಲ್ಲಿನ ಪೇಟೆಂಟ್ ದೊರೆಯಿತು. ಹಿಂದಿನ ಚಕ್ರದ ಗುಂಬದಲ್ಲಿ ಮೋಟಾರು, ಅಡ್ಡಕಂಬಿಯ ಕೆಳಗೆ ೧೦ ವೋಲ್ಟಿನ ಬ್ಯಾಟರಿ. ಇಂದಿನ ಎಷ್ಟೋ ಗಾಡಿಗಳ ಮೂಲ ರಚನೆ ಇದೇ. ಕೊರತೆಯಿದ್ದುದು ಬ್ಯಾಟರಿಯಲ್ಲಿ. ಸೀಸದ ಬ್ಯಾಟರಿಯ ಭಾರವೇ ಸವಾರನ ಭಾರಕ್ಕೆ ಸಮನಾದರೆ ಓಡುವುದೆಷ್ಟು? ೧೯೯೧ರಲ್ಲಿ ಹಗುರವಾದ ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದ ಮೇಲೆ ಆ ಹಳೆಯ ಕಲ್ಪನೆಗೆ ಜೀವ ಬಂದಿತು. ಅದರ ಹಿಂದಿನ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕವೂ ಸಂದಿತು.

ಕರ್ನಾಟಕಕ್ಕೂ ಇದರಲ್ಲಿ ಪಾಲುಂಟು. ೨೦೦೧ರಲ್ಲಿ ಬೆಂಗಳೂರಿನ ರೇವಾ ಕಾರು ರಸ್ತೆಗಿಳಿಯಿತು. ೨೦೧೭ರಲ್ಲಿ ವಿದ್ಯುತ್ ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ಪ್ರಕಟಿಸಿದ ರಾಜ್ಯ ನಮ್ಮದು. ಇನ್ನು ಮೋಟಾರು ಸೈಕಲ್ಲುಗಳನ್ನು ಬಾಡಿಗೆಗೆ ಕೊಡುವುದಕ್ಕೆ ಕೇಂದ್ರ ಸರ್ಕಾರದ ಯೋಜನೆ ೧೯೯೭ರಿಂದಲೇ ಇದೆ. ವಿದ್ಯುತ್ ಗಾಡಿಗೆ ಹಸಿರು ಫಲಕ. ಬಾಡಿಗೆಯದಾದರೆ ಅದರ ಮೇಲೆ ಹಳದಿ ಅಕ್ಷರ. ಹಳೆಯ ಮಡ್‌ಗಾರ್ಡಿನ ನಂಬರಿಗೆ ಸರ್ಕಾರಿ ಅವತಾರ!

ಇಂಥ ಅಂಗಡಿಗಳಿಗೆ ಮಣಿಪಾಲವೇ ಅನ್ನದಾತ. ಒಂದು ಕಾಲಕ್ಕೆ ಬೋಳುಗುಡ್ಡವಾಗಿದ್ದ ಈ ಸ್ಥಳದಲ್ಲಿ ೧೯೫೩ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ತೆರೆದಂದಿನಿಂದ ದೂರದೂರದ ಮಕ್ಕಳು ಬರುತ್ತಲೇ ಇದ್ದಾರೆ. ನಾಲ್ಕೈದು ವರ್ಷವಿದ್ದು ಹೋಗುವ ಅವರಿಗೆ ಸ್ವಂತ ಗಾಡಿಗಿಂತ ಬಾಡಿಗೆಯದೇ ಮೇಲು. ನನಗೆ ಗಾಡಿ ಕೊಟ್ಟ ತರುಣನು, ಅದರ ಮೈಮೇಲಿದ್ದ ಗೀರುಗಳನ್ನೆಲ್ಲ ತನ್ನ ಫೋನಿನಲ್ಲಿ ಚಿತ್ರ ತೆಗೆದುಕೊಂಡು, “ಸಾರ್, ಹೇಗೆ ಕೊಂಡುಹೋಗ್ತೀರೋ ಹಾಗೇ ತಂದುಕೊಡಿ, ಅಷ್ಟೇ ಸಾಕು” ಎಂದನು. ಬಾಡಿಗೆಯ ಧರ್ಮಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ. ಅಷ್ಟಮಠಗಳ ಊರಿನಲ್ಲಿ ಅದು ಸಹಜವಾದ ಮಾತೂ ಹೌದು. ಕೃಷ್ಣಪೂಜೆಯ ಅಧಿಕಾರ ಒಂದು ಮಠದಲ್ಲಿ ಎರಡು ವರ್ಷ ಮಾತ್ರ. ಅವಧಿ ತೀರಿದೊಡನೆ ಅಕ್ಷಯಪಾತ್ರೆಯೂ ಸಟ್ಟುಗವೂ ಕೀಲಿಕೈಯೂ ಮುಂದಿನವರ ಕೈ ಸೇರಬೇಕು. ಹದಿನಾರನೆಯ ಶತಮಾನದಲ್ಲಿ ವಾದಿರಾಜರು ಗೊತ್ತುಮಾಡಿದರೆನ್ನುವ ಈ ಪರ್ಯಾಯ ಇಂದಿಗೂ ತಪ್ಪದೆ ನಡೆದಿದೆ.

ದೀಪಸ್ತಂಭ, ಗೊಮ್ಮಟ

ಕಾಪು ಉಡುಪಿಯಿಂದ ತೆಂಕಕ್ಕೆ ೧೩ ಕಿಲೋಮೀಟರು. ಕಡಲಂಚಿನ ಬಂಡೆಯ ಮೇಲೆ ೧೯೦೧ರಲ್ಲಿ ಕಟ್ಟಿದ ೨೭ ಮೀಟರಿನ ದೀಪಸ್ತಂಭ ಇನ್ನೂ ತನ್ನ ಕೆಲಸ ಮಾಡುತ್ತಿದೆ. ನಮ್ಮ ಗಾಡಿಗೆ ಸದ್ದಿಲ್ಲ, ಹೊಗೆಯಿಲ್ಲ. ತೆಂಗಿನ ತೋಟಗಳ ನಡುವಣ ಒಳದಾರಿಯಲ್ಲಿ ಅಲೆಯ ಮೊರೆತ ಮೊದಲು ಕೇಳುತ್ತದೆ, ಕಡಲು ಆಮೇಲೆ ಕಾಣುತ್ತದೆ. ಆದರೆ ಹೊಗೆಯಿಲ್ಲವೆಂಬ ಹೆಮ್ಮೆಗೆ ಒಂದು ಮಿತಿಯನ್ನು ಇದೇ ತಾಲೂಕು ತೋರಿಸುತ್ತದೆ. ಎಲ್ಲೂರಿನಲ್ಲಿ ೧,೨೦೦ ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರವಿದೆ. ಹಡಗಿನಲ್ಲಿ ಬಂದ ಹೊರದೇಶದ ಕಲ್ಲಿದ್ದಲು ಅಲ್ಲಿ ಉರಿಯುತ್ತದೆ. ಘಟ್ಟದ ಬುಡದ ಹೊಸಂಗಡಿಯಲ್ಲಿ ವಾರಾಹಿ ನದಿಯ ನೀರಿನಿಂದಲೂ ವಿದ್ಯುತ್ತು ಹುಟ್ಟುತ್ತದೆ. ನನ್ನ ಗಾಡಿಯ ಬ್ಯಾಟರಿಗೆ ಇಳಿದುದು ನೀರೋ ಬೆಂಕಿಯೋ, ತಂತಿ ಹೇಳುವುದಿಲ್ಲ. ಹೊಗೆ ಇಲ್ಲವಾಗಿದೆಯೆಂದಲ್ಲ, ನಮ್ಮ ಬೆನ್ನ ಹಿಂದಿನಿಂದ ಬೇರೆಯವರ ಅಂಗಳಕ್ಕೆ ಸರಿದಿರಲೂಬಹುದು ಎಂಬುದನ್ನು ಸವಾರನು ಮರೆಯಬಾರದು.

ಕಾರ್ಕಳ ಸುಮಾರು ೩೮ ಕಿಲೋಮೀಟರು. ಹೋಗಿ ಬರುವ ಹಾದಿಯನ್ನು ಲೆಕ್ಕ ಹಾಕಿಯೇ ಹೊರಡಬೇಕು. ಹೋಟೆಲಿನಲ್ಲಿ ನಾನು ಊಟ ಮಾಡುವಾಗ ಗಾಡಿಗೂ ಒಂದು ತಂತಿ ಸಿಕ್ಕಿತು. ಎತ್ತಿಗೆ ಹುಲ್ಲು ಹಾಕಿ ಗಾಡಿಯವನು ಉಣ್ಣುತ್ತಿದ್ದ ಪದ್ಧತಿಯೇ ಇದು. ಗುಡ್ಡದ ನೆತ್ತಿಯಲ್ಲಿ ೧೪೩೨ರ ಫೆಬ್ರವರಿಯಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಗೊಮ್ಮಟ: ಏಕಶಿಲೆ, ೪೨ ಅಡಿ. ಶ್ರವಣಬೆಳಗೊಳದಲ್ಲಿ ಬೆಟ್ಟವನ್ನೇ ಕಡೆದು ಮೂರ್ತಿ ಮಾಡಿದರು. ಕಾರ್ಕಳದಲ್ಲಿ ಬೇರೆಡೆ ಕಡೆದ ಮೂರ್ತಿಯನ್ನು ಬೆಟ್ಟಕ್ಕೆ ಏರಿಸಿದರೆಂದು ಹೇಳುತ್ತಾರೆ. ಉಕ್ಕಿನ ಚಕ್ರಗಳುಳ್ಳ ೨೦ ಕಬ್ಬಿಣದ ಬಂಡಿಗಳ ಮೇಲೆ ಅದನ್ನಿಟ್ಟು, ತೆಂಗಿನಕಾಯಿ ಒಡೆದು, ಜನಸ್ತೋಮವೇ ಎಳೆಯಿತೆಂಬ ಐತಿಹ್ಯವನ್ನು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷರು ಬರೆದಿಟ್ಟಿದ್ದಾರೆ. ಎದುರಿನ ಗುಡ್ಡದ ಮೇಲೆ ೧೫೮೬ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು. ಈ ಜಿಲ್ಲೆಯಲ್ಲಿ ಚಕ್ರದ ಮೇಲೆ ಸಾಗಿದ ಅತ್ಯಂತ ದೊಡ್ಡ ಸವಾರಿ ಗೊಮ್ಮಟನದೇ ಇರಬೇಕು. ಎಲ್ಲವನ್ನೂ ಬಿಟ್ಟು ನಿಂತವನನ್ನು ಅಷ್ಟು ಜನ ಸೇರಿ ಎಳೆದರು!

ಚಕ್ರ ನಿಲ್ಲುವ ಸ್ಥಳ

ಎರಡನೆಯ ದಿನ ಮಲ್ಪೆಗೆ ಹೋದೆ. ದ್ವೀಪಕ್ಕೆ ಗಾಡಿ ಬರುವುದಿಲ್ಲ. ಅದನ್ನು ಬಂದರಿನಲ್ಲಿ ನಿಲ್ಲಿಸಿ ದೋಣಿ ಹತ್ತಬೇಕು. ಹಳೆಯ ಕಡವಿನ ಕಾಸನ್ನು ಇಲ್ಲಿ ಮತ್ತೆ ಕೊಡುತ್ತೇವೆ. ಮಳೆಗಾಲದಲ್ಲಿ ಆ ದೋಣಿಯೂ ಇಲ್ಲ.

ಸೇಂಟ್ ಮೇರೀಸ್ ಎಂದು ಕರೆಯುವುದು ಒಂದು ದ್ವೀಪವನ್ನಲ್ಲ, ನಾಲ್ಕಾರು ಸಣ್ಣ ದ್ವೀಪಗಳ ಸಾಲನ್ನು. ದರಿಯಾ ಬಹಾದೂರ್‌ಗಡದಲ್ಲಿ ಬಿದನೂರಿನ ಬಸಪ್ಪ ನಾಯಕನು ಕಟ್ಟಿಸಿದನೆನ್ನುವ ಕೋಟೆಯ ಅವಶೇಷವುಂಟು. ಜನ ಇಳಿಯುವುದು ತೆಂಗು ತುಂಬಿದ ದ್ವೀಪದಲ್ಲಿ. ವಾಸ್ಕೋ ಡ ಗಾಮನು ಮೊದಲು ಇಲ್ಲಿಳಿದು ಅನಂತರ ಕಲ್ಲಿಕೋಟೆಗೆ ಹೋದನೆಂದು ಹೇಳುವುದುಂಟು. ಅವನ ಸಂಗಡಿಗನೊಬ್ಬನ ದಿನಚರಿ ಬೇರೆ ಕ್ರಮವನ್ನು ಹೇಳುತ್ತದೆ. ೧೪೯೮ರ ಮೇ ತಿಂಗಳಲ್ಲಿ ಕಲ್ಲಿಕೋಟೆಯ ಬಳಿ ಬಂದವನು, ಆಗಸ್ಟ್ ಕೊನೆಗೆ ಅಲ್ಲಿಂದ ಹೊರಟು, ಮರಳುವ ದಾರಿಯಲ್ಲಿ, ಸೆಪ್ಟೆಂಬರಿನಲ್ಲಿ, ದಡದ ಸಮೀಪದ ಕಿರುದ್ವೀಪವೊಂದರಲ್ಲಿ ಕಲ್ಲಿನ ಕಂಬ ನೆಡಿಸಿ ಅದಕ್ಕೆ ‘ಸಾಂತಾ ಮಾರಿಯಾ’ ಎಂದು ಹೆಸರಿಟ್ಟನು. ಅಲ್ಲಿಂದ ಕಾರವಾರದ ಬಳಿಯ ಅಂಜದೀವಕ್ಕೆ ಸಾಗಿದನು. ಆ ಕಂಬ ದೇವರ ಹೆಸರಿನದಾದರೂ ಅದರ ಅರ್ಥ, ‘ಇಲ್ಲಿಗೆ ನಾವು ಬಂದಿದ್ದೇವೆ, ಇದರ ಮೇಲೆ ನಮ್ಮ ಹಕ್ಕುಂಟು’ ಎಂದು.

ಆ ಕಂಬ ಇಂದು ಅಲ್ಲಿಲ್ಲ; ಬೇರೆ ಕಂಬಗಳಿವೆ. ಸುಮಾರು ಎಂಟೂವರೆ-ಒಂಬತ್ತು ಕೋಟಿ ವರ್ಷಗಳ ಹಿಂದೆ ಭಾರತವೂ ಮಡಗಾಸ್ಕರವೂ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾರಸ ತಣಿದು ಕುಗ್ಗುವಾಗ ಐದು, ಆರು ಮುಖಗಳ ಕಂಬಗಳಾಗಿ ಸೀಳಿತು. ಯಾವ ಶಿಲ್ಪಿಯೂ ಉಳಿ ಮುಟ್ಟಿಸದ ಈ ಸಾಲುಗಂಬಗಳನ್ನು ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. ಅವುಗಳ ಸಂದಿಯಲ್ಲಿ ನೀರಿನ ಬಾಟಲಿ, ತಿಂಡಿಯ ಪೊಟ್ಟಣ, ಹರಿದ ಚಪ್ಪಲಿ. ಕೆಲವನ್ನು ಕಡಲು ತಂದು ಹಾಕುತ್ತದೆ, ಕೆಲವನ್ನು ನಾವು. ಸ್ವಂತ ಅಂಗಳದಲ್ಲಿ ಎಸೆಯದುದನ್ನು ಇಲ್ಲಿ ಎಸೆಯುವುದೇಕೆ? ಇದು ನಮ್ಮದಲ್ಲವಲ್ಲ ಎಂಬ ಭಾವನೆಯಿಂದ. ಸೈಕಲ್ ಅಂಗಡಿಯವನು ಕಲಿಸಿದುದು ಇದಕ್ಕೆ ನೇರ ವಿರುದ್ಧವಾದ ಪಾಠ: ನಮ್ಮದಲ್ಲ, ಆದ್ದರಿಂದಲೇ ಹೆಚ್ಚು ಜೋಪಾನ. ಹ್ಯಾಂಡಲು ಸೊಟ್ಟಗಾದರೆ ಮುಂದಿನ ಹುಡುಗನಿಗೆ ಸೈಕಲ್ಲು ಇಲ್ಲ.

ಬಾಡಿಗೆಯ ವಾಹನಗಳು ಈ ನಾಡನ್ನು ಎಲ್ಲರಿಗೂ ತೆರೆದವು. ಕಡವಿನ ದೋಣಿ, ಸಿ.ಪಿ.ಸಿ. ಬಸ್ಸು, ನಂಬರಿನ ಸೈಕಲ್ಲು, ಹಸಿರು ಫಲಕದ ಸ್ಕೂಟರು, ಒಂದೊಂದೂ ಹಿಂದಿನದಕ್ಕಿಂತ ಹೆಚ್ಚು ಜನರನ್ನು ಹೆಚ್ಚು ದೂರ ಒಯ್ದಿದೆ. ಹೆಚ್ಚು ಜನ ಬಂದಷ್ಟೂ ಕಂಬಗಳ ಮೇಲೆ ಹೆಚ್ಚು ಪಾದಗಳು ಬೀಳುತ್ತವೆ. ಬರುವುದನ್ನು ತಡೆಯಬೇಕೆಂದು ನಾನು ಹೇಳಲಾರೆ. ಅದು ಮತ್ತೆ ಆನೆ ಕುದುರೆಯವರಿಗೆ ಮಾತ್ರ ನಾಡನ್ನು ಬಿಟ್ಟುಕೊಟ್ಟ ಹಾಗೆ. ಗಾಡಿಯನ್ನು ಹಿಂದಿರುಗಿಸುವಾಗ ತೋರುವ ಎಚ್ಚರವನ್ನು ದ್ವೀಪಕ್ಕೂ ತೋರಿಸಬೇಕೆಂದಷ್ಟೇ ನನ್ನ ಮಾತು. ಅಲ್ಲಿ ಗೀರುಗಳ ಚಿತ್ರ ತೆಗೆದಿಟ್ಟುಕೊಂಡ ಅಂಗಡಿಯವನಿಲ್ಲ. ಆ ಲೆಕ್ಕವನ್ನು ನಾವೇ ಇಡಬೇಕು.